ಕುದಿಸಿದರೂ ಸಾಯದ ಅರ್ಧ: ಸಹಕಿಣ್ವಗಳ ಹಿನ್ನೆಲೆ

1897ರಲ್ಲಿ ಎಡ್ವರ್ಡ್ ಬುಕ್ನರ್ ಯೀಸ್ಟನ್ನು ಮರಳಿನೊಂದಿಗೆ ಅರೆದು ರಸ ಹಿಂಡಿದರು. ಜೀವಂತ ಕೋಶವಿಲ್ಲದ ಆ ರಸಕ್ಕೆ ಸಕ್ಕರೆ ಹಾಕಿದರೂ ಅದು ನೊರೆಯೆದ್ದು ಹುದುಗಿತು. ಹಾಗಾದರೆ ಹುದುಗಲು ಕಿಣ್ವ, ಅಂದರೆ ಕೋಶದ ರಾಸಾಯನಿಕ ಕ್ರಿಯೆ ನಡೆಸುವ ಪ್ರೋಟೀನ್, ಒಂದಿದ್ದರೆ ಸಾಕು ಎಂದಾಯಿತು. ಸಾಲದು ಎಂದು ತೋರಿಸಿಕೊಟ್ಟವರು ಲಂಡನ್ನಿನ ಆರ್ಥರ್ ಹಾರ್ಡನ್ ಮತ್ತು ವಿಲಿಯಂ ಯಂಗ್.

1906ರ ಅವರ ಪ್ರಯೋಗ ಸರಳ. ಯೀಸ್ಟ್ ರಸವನ್ನು ಜೆಲಟಿನ್ ತುಂಬಿದ ಸೋಸುಕದ ಮೂಲಕ ಒತ್ತಡ ಹಾಕಿ ಹಾಯಿಸಿದರು. ದೊಡ್ಡ ಪ್ರೋಟೀನುಗಳು ಮೇಲೆ ಉಳಿದವು, ಸಣ್ಣ ಅಣುಗಳು ಕೆಳಗಿಳಿದವು. ಎರಡರಲ್ಲಿ ಯಾವುದೂ ಒಂಟಿಯಾಗಿ ಸಕ್ಕರೆಯನ್ನು ಹುದುಗಿಸಲಿಲ್ಲ, ಬೆರೆಸಿದೊಡನೆ ಕೆಲಸ ಶುರುವಾಯಿತು. ಮೇಲಿನ ಭಾಗವನ್ನು ಕುದಿಸಿದರೆ ಎಲ್ಲ ಹಾಳು. ಸೋಸಿ ಬಂದದ್ದನ್ನು ಕುದಿಸಿದರೂ ಏನೂ ಆಗಲಿಲ್ಲ. ಶಾಖಕ್ಕೆ ಜಗ್ಗದ ಆ ಸಣ್ಣ ಅಣುವೇ ಸಹಕಿಣ್ವ. ಅದರ ಶುದ್ಧೀಕರಣಕ್ಕೆ ಸ್ಟಾಕ್‌ಹೋಮ್‌ನಲ್ಲಿ ಹಾನ್ಸ್ ಫಾನ್ ಆಯ್ಲರ್ ವರ್ಷಗಟ್ಟಲೆ ದುಡಿದರು. 1929ರ ನೊಬೆಲ್ ಅವರಿಗೂ ಹಾರ್ಡನ್‌ಗೂ ಹಂಚಿಕೆಯಾಯಿತು.

1930ರ ದಶಕದ ನಡುವೆ ಓಟೊ ವಾರ್ಬರ್ಗ್ ಈ ಬಗೆಯ ಸಹಕಿಣ್ವದೊಳಗೆ ನಿಕೋಟಿನಮೈಡ್ ಇರುವುದನ್ನೂ, ಹೈಡ್ರೋಜನ್ ಬಂದು ಕೂರುವುದು ಅದರ ಉಂಗುರದ ಮೇಲೆಯೇ ಎಂಬುದನ್ನೂ ಕಂಡುಹಿಡಿದರು. 1937ರಲ್ಲಿ ಕಾನ್ರಾಡ್ ಎಲ್ವೆಹೆಮ್, ಮನುಷ್ಯರ ಪೆಲಾಗ್ರಾವನ್ನು (ಪೌಷ್ಟಿಕ ಕೊರತೆಯ ಒಂದು ರೋಗ) ಹೋಲುವ ನಾಯಿಗಳ ಕಪ್ಪುನಾಲಿಗೆ ರೋಗ ನಿಕೋಟಿನಿಕ್ ಆಮ್ಲದಿಂದ (ನಯಾಸಿನ್ ಎಂಬ ವಿಟಮಿನ್; ನಿಕೋಟಿನಮೈಡ್ ಅದರದೇ ಇನ್ನೊಂದು ರೂಪ) ವಾಸಿಯಾಗುತ್ತದೆಂದು ತೋರಿಸಿದರು. ಅದೇ ವರ್ಷ ವಿಟಮಿನ್ ಬಿ1 ಆದ ಥಯಾಮಿನ್‌ನಿಂದಾಗುವ ಸಹಕಿಣ್ವದ ರಚನೆಯೂ ತಿಳಿಯಿತು. ಅಲ್ಲಿಯವರೆಗೆ ಬೇರೆಬೇರೆ ಕೋಣೆಗಳಲ್ಲಿ ನಡೆಯುತ್ತಿದ್ದ ಹುದುಗುವಿಕೆಯ ಸಂಶೋಧನೆ ಮತ್ತು ವಿಟಮಿನ್ ಸಂಶೋಧನೆ ಹೀಗೆ ಒಂದೇ ಮೇಜಿಗೆ ಬಂದವು.

ವಿಟಮಿನ್ ಇಷ್ಟು ಕಡಿಮೆ ಸಾಕಾಗುವುದೇಕೆ? ವಯಸ್ಕ ಗಂಡಸಿಗೆ ದಿನಕ್ಕೆ ನಯಾಸಿನ್ 16 ಮಿಲಿಗ್ರಾಂ, ಥಯಾಮಿನ್ 1.2 ಮಿಲಿಗ್ರಾಂ ಸಾಕು. ಕಾರಣ, ಸಹಕಿಣ್ವ ಉರುವಲಲ್ಲ, ಹೊರೆ ಹೊರುವ ಬುಟ್ಟಿ. ಒಂದು ಗ್ಲೂಕೋಸ್ ಮುರಿದು ಪೈರುವೇಟ್ ಎಂಬ ಚಿಕ್ಕ ಅಣುಗಳಾಗುವಷ್ಟರಲ್ಲಿ ಎನ್‌ಎಡಿ ಎಂಬ, ನಯಾಸಿನ್‌ನಿಂದಾಗುವ ಸಹಕಿಣ್ವದ ಎರಡು ಅಣುಗಳು ಹೈಡ್ರೋಜನ್ ಹೊತ್ತು ಎನ್‌ಎಡಿಎಚ್ ಆಗುತ್ತವೆ. ಹೊರೆ ಇಳಿಸಿ ಬುಟ್ಟಿ ಖಾಲಿಯಾಗದಿದ್ದರೆ ಮುಂದಿನ ಗ್ಲೂಕೋಸ್ ಅಲ್ಲೇ ನಿಲ್ಲುತ್ತದೆ. ಆಮ್ಲಜನಕ ಸಾಲದ ಸ್ನಾಯು ಪೈರುವೇಟನ್ನು ಲ್ಯಾಕ್ಟೇಟ್ ಮಾಡುವುದು, ಯೀಸ್ಟ್ ಆಲ್ಕೋಹಾಲ್ ಮಾಡುವುದು ಎರಡೂ ಈ ಬುಟ್ಟಿ ಖಾಲಿ ಮಾಡಿಕೊಳ್ಳುವ ಉಪಾಯಗಳೇ. ಲ್ಯಾಕ್ಟೇಟನ್ನು ಬರೀ ಕಸವೆಂದು ಕಲಿಸುವ ಪಾಠಗಳು ಈ ಮುಖ್ಯ ವಿಷಯವನ್ನೇ ಬಿಟ್ಟುಬಿಡುತ್ತವೆ.

ಪೈರುವೇಟ್ ಕೋಶದ ಶಕ್ತಿ ತಯಾರಿಸುವ ಭಾಗವಾದ ಮೈಟೊಕಾಂಡ್ರಿಯದೊಳಗೆ ಮುಂದುವರಿಯಲು ಐದು ಸಹಕಿಣ್ವ ಬೇಕು: ಥಯಾಮಿನ್ ಪೈರೋಫಾಸ್ಫೇಟ್, ಲಿಪೊಯಿಕ್ ಆಮ್ಲ, ಸಹಕಿಣ್ವ ಎ, ಎಫ್‌ಎಡಿ, ಎನ್‌ಎಡಿ. ಒಂದು ಕೈಕೊಟ್ಟರೂ ಸಾಲು ನಿಂತಂತೆಯೇ. ತೀವ್ರ ಅಪೌಷ್ಟಿಕತೆಯಿಂದ ಥಯಾಮಿನ್ ಬರಿದಾದವರಿಗೆ ಬರೀ ಗ್ಲೂಕೋಸ್ ಡ್ರಿಪ್ ಹಾಕುವುದು ಅಪಾಯಕಾರಿ ಎನ್ನುವುದು ಇದಕ್ಕೇ: ಪೈರುವೇಟ್ ಮುಂದೆ ಹೋಗಲಾರದೆ ಲ್ಯಾಕ್ಟೇಟ್ ಏರುತ್ತದೆ, ಮಿದುಳಿಗೆ ಪೆಟ್ಟು ಬೀಳುತ್ತದೆ. ಆದ್ದರಿಂದ ಥಯಾಮಿನ್ ಜೊತೆಯಲ್ಲೋ ಮೊದಲೋ ಹೋಗಬೇಕು.

ಪ್ರಯೋಗಾಲಯದಲ್ಲಿ ಈ ಬುಟ್ಟಿ ಕಣ್ಣಿಗೆ ಕಾಣದಿದ್ದರೂ ಯಂತ್ರಕ್ಕೆ ಕಾಣುತ್ತದೆ. ಎನ್‌ಎಡಿಎಚ್ 340 ನ್ಯಾನೋಮೀಟರ್ ಬೆಳಕನ್ನು ಹೀರುತ್ತದೆ, ಎನ್‌ಎಡಿ ಹೀರುವುದಿಲ್ಲ. 1 ಸೆಂ.ಮೀ. ಕ್ಯುವೆಟ್‌ನಲ್ಲಿ (ಬೆಳಕು ಹಾಯಿಸಲು ದ್ರಾವಣ ತುಂಬುವ ಪುಟ್ಟ ಪಾತ್ರೆ) ಹೀರುವಿಕೆ 0.622 ಇಳಿದರೆ ಲೀಟರಿಗೆ 0.1 ಮಿಲಿಮೋಲ್ ಎನ್‌ಎಡಿಎಚ್ ಖರ್ಚಾಯಿತೆಂದು ಲೆಕ್ಕ. ಯಕೃತ್ತಿನ ಎಎಲ್‌ಟಿ ಎಂಬ ಕಿಣ್ವದ ಪರೀಕ್ಷೆ ನಡೆಯುವುದು ಹೀಗೆಯೇ: ಎಎಲ್‌ಟಿ ಹುಟ್ಟಿಸಿದ ಪೈರುವೇಟನ್ನು ಇನ್ನೊಂದು ಕಿಣ್ವ ಲ್ಯಾಕ್ಟೇಟ್ ಮಾಡುವಾಗ ಎನ್‌ಎಡಿಎಚ್ ಕಡಿಮೆಯಾಗುತ್ತಾ ಹೋಗುತ್ತದೆ. ಎಎಲ್‌ಟಿಗೂ ತನ್ನದೇ ಸಹಕಿಣ್ವ ಬೇಕು, ವಿಟಮಿನ್ ಬಿ6ರ ಪಿರಿಡಾಕ್ಸಲ್ ಫಾಸ್ಫೇಟ್. ರೋಗಿಯಲ್ಲಿ ಅದು ಕಡಿಮೆಯಿದ್ದು ರಾಸಾಯನಿಕ ಕಿಟ್‌ನಲ್ಲೂ ಸೇರಿಸದಿದ್ದರೆ ಕೆಲವು ಎಎಲ್‌ಟಿ ಅಣುಗಳು ಕೆಲಸವಿಲ್ಲದೆ ಖಾಲಿ ಕೂತು ಅಂಕಿ ಸುಳ್ಳಾಗಿ ತಗ್ಗುತ್ತದೆ. ದ್ರಾವಣ ಮಾಡುವವರು ಇನ್ನೊಂದನ್ನೂ ಮರೆಯಬಾರದು: ಎನ್‌ಎಡಿಎಚ್ ಆಮ್ಲದಲ್ಲಿ ಕೆಡುತ್ತದೆ, ಎನ್‌ಎಡಿ ಬಿಸಿ ಕ್ಷಾರದಲ್ಲಿ ಕೆಡುತ್ತದೆ.