ನೂರಕ್ಕೆ 68

ಪ್ರತಿ ವರ್ಷ ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಒಂದು ನೋಟ್‌ಬುಕ್ ತೆಗೆದು ಕೂರುತ್ತೇನೆ. ಬೇಸ್‌ಬಾಲ್ ಪ್ಲೇಆಫ್‌ನಲ್ಲಿ ಯಾರು ಗೆಲ್ಲುತ್ತಾರೆ ಅಂತ ಮೊದಲೇ ಬರೆದಿಡುವುದು ನನ್ನ ಅಭ್ಯಾಸ. ಸಿಯಾಟಲ್‌ಗೆ ಬಂದ ಮೇಲೆ ಹಿಡಿದ ಹುಚ್ಚು ಇದು. ಮೊದಮೊದಲು ತಂಡದ ಹೆಸರು ಮಾತ್ರ ಬರೆಯುತ್ತಿದ್ದೆ. ಈಗ ಹೆಸರಿನ ಪಕ್ಕದಲ್ಲಿ ನೂರಕ್ಕೆ ಎಷ್ಟು ಅಂತ ಒಂದು ಅಂಕಿಯನ್ನೂ ಬರೆಯುತ್ತೇನೆ. ನನಗೆ ಹೆಸರಿಗಿಂತ ಆ ಅಂಕಿಯೇ ಮುಖ್ಯ.

ಅಮೆರಿಕದ ಮೇಜರ್ ಲೀಗ್‌ನಲ್ಲಿ 30 ತಂಡಗಳಿವೆ. ಒಂದೊಂದೂ ಆರು ತಿಂಗಳಲ್ಲಿ 162 ಪಂದ್ಯ ಆಡುತ್ತದೆ. ಅದರಲ್ಲಿ 12 ತಂಡಗಳು ಪ್ಲೇಆಫ್‌ಗೆ, ಅಂದರೆ ಸೋತವರು ಹೊರಬೀಳುವ ಕೊನೆಯ ಸುತ್ತುಗಳಿಗೆ ಬರುತ್ತವೆ. ಮೊದಲ ಸುತ್ತು ಮೂರು ಪಂದ್ಯಗಳ ಸರಣಿ, ಎರಡನೆಯದು ಐದರದ್ದು, ಆಮೇಲಿನ ಎರಡೂ ಏಳರದ್ದು. ಕೊನೆಯದೇ ವರ್ಲ್ಡ್ ಸೀರೀಸ್.

ಆರು ತಿಂಗಳು ಎಲ್ಲರನ್ನೂ ಬಡಿದ ತಂಡ ಇಲ್ಲೂ ಗೆಲ್ಲಬೇಕು ತಾನೇ? 2001ರಲ್ಲಿ ನಮ್ಮ ಸಿಯಾಟಲ್ ಮ್ಯಾರಿನರ್ಸ್ 116 ಪಂದ್ಯ ಗೆದ್ದಿತ್ತು. ಆದರೂ ಯಾಂಕೀಸ್ ಎದುರು ಐದೇ ಪಂದ್ಯದಲ್ಲಿ ಕಥೆ ಮುಗಿಯಿತು. 2006ರಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಗೆದ್ದಿದ್ದು ಬರೀ 83. ಆ ವರ್ಷದ ಚಾಂಪಿಯನ್ ಅವರೇ. 2023ರಲ್ಲಿ ನೂರು ಅಥವಾ ಅದಕ್ಕಿಂತ ಜಾಸ್ತಿ ಪಂದ್ಯ ಗೆದ್ದ ತಂಡಗಳು ಮೂರಿದ್ದವು: ಬ್ರೇವ್ಸ್, ಓರಿಯೋಲ್ಸ್, ಡಾಡ್ಜರ್ಸ್. ಮೂರೂ ತಾವು ಆಡಿದ ಮೊದಲ ಸರಣಿಯಲ್ಲೇ ಹೊರಗೆ ಬಿದ್ದವು. ಪ್ಲೇಆಫ್‌ನಲ್ಲಿ ಮೂರೂ ಸೇರಿ ಗೆದ್ದದ್ದು ಒಂದೇ ಒಂದು ಪಂದ್ಯ.

ಇದರ ಬೇರು ಆಟದಲ್ಲೇ ಇದೆ. ಕ್ರಿಕೆಟ್ ಬ್ಯಾಟಿನ ಮುಖ ಚಪ್ಪಟೆ. ಬೇಸ್‌ಬಾಲ್ ಬ್ಯಾಟು ಒನಕೆಯ ಹಾಗೆ ದುಂಡಗೆ ಇರುತ್ತದೆ. ಪಿಚರ್ 18.44 ಮೀಟರ್ ದೂರದಿಂದ ಗಂಟೆಗೆ 150 ಕಿಲೋಮೀಟರ್ ವೇಗದಲ್ಲಿ ಎಸೆದ ಚೆಂಡು ಸುಮಾರು 0.4 ಸೆಕೆಂಡಿನಲ್ಲಿ ಬ್ಯಾಟರ್ ಹತ್ತಿರ ಇರುತ್ತದೆ. ದುಂಡು ಚೆಂಡಿಗೆ ದುಂಡು ಬ್ಯಾಟು ಕೂದಲೆಳೆಯಷ್ಟು ಕೆಳಗೆ ತಾಗಿದರೆ ಚೆಂಡು ಸುಮ್ನೆ ಮೇಲಕ್ಕೆ ಹಾರಿ ಕ್ಯಾಚ್ ಆಗುತ್ತದೆ. ಮೇಲೆ ತಾಗಿದರೆ ನೆಲಕ್ಕೆ ಉರುಳುತ್ತದೆ. ಸರಿಯಾಗಿ ತಾಗಿದರೆ ಗ್ಯಾಲರಿಗೆ. ಹತ್ತರಲ್ಲಿ ಮೂರು ಸಲ ಹಿಟ್ (ಚೆಂಡು ಹೊಡೆದು ಔಟಾಗದೆ ಬೇಸ್ ತಲುಪುವುದು) ಹೊಡೆಯುವವನನ್ನೇ ಇಲ್ಲಿ ದೊಡ್ಡ ಬ್ಯಾಟರ್ ಅನ್ನುತ್ತಾರೆ. ಒಂದು ಪಂದ್ಯದಲ್ಲಿ ಒಂದು ತಂಡಕ್ಕೆ ನಾಲ್ಕೈದು ರನ್ ಬಂದರೆ ಅದೇ ಸರಾಸರಿ. ರನ್ ಇಷ್ಟು ಕಮ್ಮಿ ಇರುವ ಕಡೆ ಒಂದು ಅದೃಷ್ಟದ ಹೊಡೆತವೇ ಪಂದ್ಯ ತಿರುಗಿಸಿಬಿಡುತ್ತದೆ.

ಹಾಗಂತ ಎಲ್ಲಾ ಬರೀ ಅದೃಷ್ಟ ಅನ್ನುವುದೂ ತಪ್ಪು. ಎಷ್ಟು ಅದೃಷ್ಟ, ಎಷ್ಟು ಶಕ್ತಿ ಅಂತ ಅಳೆಯಬಹುದು. ಬಿಲ್ ಜೇಮ್ಸ್ ಎಂಬ ಬೇಸ್‌ಬಾಲ್ ಲೆಕ್ಕಿಗ ಕೊಟ್ಟ ಸೂತ್ರ ಒಂದಿದೆ. ಹೆಸರು ಲಾಗ್ 5. ಕಾಗದದ ಮೇಲೆ ಎರಡು ನಿಮಿಷದ ಕೆಲಸ. 2022ರಲ್ಲಿ ಡಾಡ್ಜರ್ಸ್ 111 ಗೆದ್ದು 51 ಸೋತಿತ್ತು. 111ನ್ನು 51ರಿಂದ ಭಾಗಿಸಿದರೆ 2.18. ಎದುರಾಳಿ ಪ್ಯಾಡ್ರೆಸ್ 89 ಗೆದ್ದು 73 ಸೋತಿತ್ತು, ಅಂದರೆ 1.22. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 1.79. ಅವರಿಬ್ಬರೂ ಆಡಿದರೆ ಡಾಡ್ಜರ್ಸ್ 1.79 ಸಲ ಗೆಲ್ಲುವಷ್ಟರಲ್ಲಿ ಪ್ಯಾಡ್ರೆಸ್ ಒಂದು ಸಲ ಗೆಲ್ಲುತ್ತದೆ ಅಂತ ಅರ್ಥ. ಒಂದು ಪಂದ್ಯಕ್ಕೆ ಡಾಡ್ಜರ್ಸ್ ಪಾಲು ನೂರಕ್ಕೆ 64. ಐದು ಪಂದ್ಯಗಳ ಸರಣಿಗೆ ಅದು 75 ಆಗುತ್ತದೆ. ಆ ಸರಣಿಯನ್ನು ಪ್ಯಾಡ್ರೆಸ್ 3–1ರಿಂದ ಗೆದ್ದಾಗ ಎಲ್ಲರೂ ಪವಾಡ ಅಂದರು. ನಾಲ್ಕರಲ್ಲಿ ಒಂದು ಸಲ ಆಗುವುದು ಪವಾಡ ಹೇಗಾಗುತ್ತದೆ?

ಇನ್ನೂ ಹತ್ತಿರದ ತಂಡಗಳಾದರೆ ಕಷ್ಟ ಜಾಸ್ತಿ. ಪ್ರತಿ ಪಂದ್ಯದಲ್ಲೂ ನೂರಕ್ಕೆ 55ರಷ್ಟು ಗೆಲ್ಲುವ ಸಾಧ್ಯತೆ ಇರುವ ತಂಡಕ್ಕೆ ಏಳು ಪಂದ್ಯಗಳ ಸರಣಿಯಲ್ಲಿ ಸಿಗುವುದು 61 ಮಾತ್ರ. ಅದೇ ತಂಡ ಐದರ ಒಂದು, ಏಳರ ಎರಡು, ಹೀಗೆ ಮೂರು ಸರಣಿ ಸಾಲಾಗಿ ಗೆಲ್ಲುವುದು ನೂರಕ್ಕೆ 22 ಸಲ. ಇವರೇ ಬಲಶಾಲಿ ಅಂತ ನೂರಕ್ಕೆ 95ರಷ್ಟು ಖಾತ್ರಿಯಾಗಬೇಕಾದರೆ ಸುಮಾರು 270 ಪಂದ್ಯಗಳ ಸರಣಿ ಬೇಕು. ಇಡೀ ಸೀಸನ್‌ಗಿಂತ ದೊಡ್ಡದು!

ಅದಕ್ಕೇ ಒಂದು ಸರಣಿ ನೋಡಿ ಭವಿಷ್ಯ ಸರಿಯೋ ತಪ್ಪೋ ಅಂತ ಹೇಳಲಾಗುವುದಿಲ್ಲ. ನಾನು 70 ಅಂತ ಬರೆದದ್ದೆಲ್ಲ ಒಟ್ಟು ಮಾಡಿದಾಗ ಹತ್ತರಲ್ಲಿ ಏಳು ನಿಜವಾಗಬೇಕು. ಹತ್ತಕ್ಕೆ ಹತ್ತೂ ನಿಜವಾಗುತ್ತಿದ್ದರೆ ನಾನು ಅಂಜಿಕೊಂಡು ಕಮ್ಮಿ ಬರೆಯುತ್ತಿದ್ದೇನೆ ಅಂತಾಯಿತು, ಅಲ್ವಾ?

ಸೂತ್ರಕ್ಕೆ ಕಾಣದ ಒಂದು ವಿಷಯವಿದೆ: ಪಿಚರ್‌ಗಳು. ಸೀಸನ್‌ನಲ್ಲಿ ಐವರು ಸರದಿ ಮೇಲೆ ಪಂದ್ಯ ಶುರು ಮಾಡುತ್ತಾರೆ. ಅಕ್ಟೋಬರ್‌ನಲ್ಲಿ ನಡುನಡುವೆ ಬಿಡುವು ಇರುವುದರಿಂದ ಮೂರು ನಾಲ್ಕು ಜನರೇ ಭಾರ ಹೊರುತ್ತಾರೆ. 2025ರಲ್ಲಿ ಮಿಲ್ವಾಕಿ ಬ್ರೂವರ್ಸ್ 97 ಗೆದ್ದು ಲೀಗ್‌ಗೇ ಮೊದಲಿತ್ತು, ಡಾಡ್ಜರ್ಸ್ 93. ಆದರೆ ಡಾಡ್ಜರ್ಸ್ ಪಿಚರ್‌ಗಳು ಬ್ರೂವರ್ಸ್‌ಗೆ ಒಂದು ಪಂದ್ಯವನ್ನೂ ಬಿಟ್ಟುಕೊಡಲಿಲ್ಲ. ವರ್ಲ್ಡ್ ಸೀರೀಸ್‌ನ ಆರನೇ ಪಂದ್ಯ ಶುರು ಮಾಡಿ ಗೆದ್ದ ಡಾಡ್ಜರ್ಸ್‌ನ ಯೋಶಿನೊಬು ಯಮಾಮೊಟೊ ಮರುದಿನ ಏಳನೆಯದಕ್ಕೂ ಬಂದು ಚೆಂಡು ಎಸೆದರು, ಅದನ್ನೂ ಗೆದ್ದರು. ಹಾಗಾಗಿ ನಾನು ಮೊದಲ ಮೂರು ಪಿಚರ್‌ಗಳನ್ನು ನೋಡದೆ ಅಂಕಿ ಬರೆಯುವುದಿಲ್ಲ.

ಆ ವರ್ಲ್ಡ್ ಸೀರೀಸ್‌ಗೂ ಮುಂಚಿನ ಸುತ್ತು ನನಗೆ ಮರೆಯಲಾಗದ್ದು. ಮ್ಯಾರಿನರ್ಸ್ ಮತ್ತು ಟೊರಾಂಟೊ ಬ್ಲೂ ಜೇಸ್. ಇಡೀ ಲೀಗ್‌ನಲ್ಲಿ ವರ್ಲ್ಡ್ ಸೀರೀಸ್ ಮುಖವನ್ನೇ ನೋಡದ ತಂಡ ನಮ್ಮದೊಂದೇ. ಐದು ಪಂದ್ಯ ಮುಗಿದಾಗ ನಾವು 3–2 ಮುಂದೆ. ಸೀಸನ್ ಲೆಕ್ಕದಲ್ಲಿ ಒಂದು ಪಂದ್ಯಕ್ಕೆ ನಮ್ಮ ಪಾಲು 47.5. ಉಳಿದ ಎರಡೂ ಪಂದ್ಯ ಟೊರಾಂಟೊದಲ್ಲಿ, ತವರು ತಂಡ ಸಾಮಾನ್ಯವಾಗಿ ನೂರಕ್ಕೆ 54 ಗೆಲ್ಲುತ್ತದೆ. ಎಲ್ಲಾ ಕೂಡಿಸಿ ಕಳೆದು, ಎರಡರಲ್ಲಿ ಒಂದಾದರೂ ಗೆಲ್ಲುವುದಕ್ಕೆ 68 ಅಂತ ಬರೆದೆ. ಆರನೆಯದು ಸೋತೆವು.

ಏಳನೆಯದು ಅಕ್ಟೋಬರ್ 20. ದೀಪಾವಳಿಯ ಸಂಜೆ. ಬಾಗಿಲಲ್ಲಿ ಹಣತೆ ಹಚ್ಚಿ ಬಂದು ಟಿವಿ ಮುಂದೆ ಕೂತೆವು. ಒಂಬತ್ತು ಇನ್ನಿಂಗ್ಸ್‌ಗಳಲ್ಲಿ ಏಳನೆಯದು, ರನ್‌ನಲ್ಲಿ ನಾವು 3–1 ಮುಂದೆ. ಇನ್ನು ಎಂಟು ಔಟ್ ಸಾಕಿತ್ತು. ಟೊರಾಂಟೊದ ಇಬ್ಬರು ಬೇಸ್ ಮೇಲಿದ್ದರು. ಜಾರ್ಜ್ ಸ್ಪ್ರಿಂಗರ್ ಬ್ಯಾಟ್ ಬೀಸಿದರು. ಟಿವಿಯಲ್ಲಿ ಸದ್ದು ಕೇಳಿದಾಗಲೇ ಗೊತ್ತಾಯಿತು, ಸರಿಯಾಗಿ ತಾಗಿದೆ ಅಂತ. ಚೆಂಡು ಎಡಗಡೆ ಗ್ಯಾಲರಿಗೆ ಹೋಯಿತು. ಬೇಸ್ ಮೇಲಿದ್ದ ಇಬ್ಬರದ್ದೂ ಸೇರಿ ಮೂರು ರನ್. 4–3. ಆಮೇಲೆ ಆ ಅಂಕಿ ಬದಲಾಗಲೇ ಇಲ್ಲ.

ಆಚೆ ಹೋಗಿ ಹಣತೆಗೆ ಎಣ್ಣೆ ಹಾಕಿ ಬಂದೆ. ನೋಟ್‌ಬುಕ್ ತೆಗೆದು 68ರ ಪಕ್ಕ ‘ಸೋಲು’ ಅಂತ ಬರೆದೆ. ಅಂಕಿಯನ್ನು ತಿದ್ದಲಿಲ್ಲ.