ಕರಗಿಹೋದ ಮಂಜುಗಡ್ಡೆಗೆ ಕೆಸರೇ ಸಾಕ್ಷಿ

ಕಲಬುರಗಿಯ ಹಳೆಯ ಮನೆಗಳ ನೆಲಕ್ಕೆ ಹಾಸಿರುವ ಶಹಾಬಾದ್ ಫರಸಿ 50 ಕೋಟಿ ವರ್ಷಗಳಿಗೂ ಹಿಂದೆ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂಡಿದ ಸುಣ್ಣದ ಕೆಸರು. ಆ ಸಮುದ್ರವನ್ನು ಯಾರೂ ಕಂಡಿಲ್ಲ, ಆದರೂ ಅದು ಇತ್ತೆಂಬುದರಲ್ಲಿ ಭೂವಿಜ್ಞಾನಿಗಳಿಗೆ ಸಂಶಯವಿಲ್ಲ. ಆರ್ಕ್ಟಿಕ್ ಸಾಗರದ ಮಂಜುಗಡ್ಡೆಯ ಮಾತು ಬಂದಾಗ ಮಾತ್ರ ನಮ್ಮ ಭಾಗದ ಓದಿದವರೂ "ಹಿಂದೆಯೂ ಕರಗಿರಬಹುದು, ಕಂಡವರಾರು, ಎಲ್ಲ ಕಾಲಚಕ್ರ" ಎಂದು ಚರ್ಚೆ ಮುಗಿಸಿಬಿಡುತ್ತಾರೆ. ಯಾವಾಗ ಕರಗಿತು, ಎಷ್ಟು ಕರಗಿತು, ಏಕೆ ಕರಗಿತು ಎಂಬ ಪ್ರಶ್ನೆಗಳಿಗೇ ಜೀವಮಾನ ಮುಡಿಪಿಟ್ಟ ಸಾಗರವಿಜ್ಞಾನದ ಪ್ರಾಧ್ಯಾಪಕರಿದ್ದಾರೆಂಬುದು ತಿಳಿದಿದ್ದರೆ ಆ ಮಾತು ಇಷ್ಟು ಸಲೀಸಾಗಿ ಬರುತ್ತಿರಲಿಲ್ಲ.

ಅವರ ವೃತ್ತಿಯ ಕಷ್ಟ ವಿಚಿತ್ರವಾದುದು. ಅಂಟಾರ್ಕ್ಟಿಕದ ನೆಲದ ಮೇಲಿನ ಹಿಮವನ್ನು ಕೊರೆದರೆ 8 ಲಕ್ಷ ವರ್ಷಗಳ ಹಿಂದಿನ ಗಾಳಿಯ ಗುಳ್ಳೆಗಳು ಸಿಗುತ್ತವೆ, ಆದರೆ ಸಮುದ್ರದ ನೀರೇ ಹೆಪ್ಪುಗಟ್ಟಿ ತೇಲುವ ಮಂಜುಗಡ್ಡೆ ಕೆಲವು ವರ್ಷಗಳಲ್ಲಿ ಕರಗಿ ನೀರಿಗೆ ಸೇರುತ್ತದೆ. ಉಪಗ್ರಹಗಳ ನಿರಂತರ ದಾಖಲೆ 1978ರ ಕೊನೆಯಿಂದ ಈಚಿನದು. ಅದಕ್ಕಿಂತ ಹಿಂದಿನ ಸಾವಿರಾರು ವರ್ಷಗಳಿಗೆ ಅವರು ಹಡಗಿನಿಂದ ಕೊಳವೆ ಇಳಿಸಿ ತಳದ ಕೆಸರನ್ನು ಮೇಲೆತ್ತಬೇಕು. ಹಡಗಿನ ಮೇಲೆ ಕಳೆಯುವುದು ವಾರಗಳಾದರೆ, ಆ ಕೆಸರಿನೊಂದಿಗೆ ಪ್ರಯೋಗಾಲಯದಲ್ಲಿ ಕಳೆಯುವುದು ವರ್ಷಗಳು.

ಈ ಕುತೂಹಲಕ್ಕೆ ಹಳೆಯ ಬೇರಿದೆ. 1881ರಲ್ಲಿ ಸೈಬೀರಿಯದ ಉತ್ತರಕ್ಕೆ ಮಂಜುಗಡ್ಡೆಯ ಒತ್ತಡಕ್ಕೆ ಸಿಕ್ಕಿ ಮುಳುಗಿದ ಜೆನೆಟ್ ಎಂಬ ಹಡಗಿನ ಅವಶೇಷಗಳು 1884ರಲ್ಲಿ ಗ್ರೀನ್‌ಲ್ಯಾಂಡಿನ ನೈರುತ್ಯ ತೀರದಲ್ಲಿ ಸಿಕ್ಕವು. ಗ್ರೀನ್‌ಲ್ಯಾಂಡಿನ ಬಳಿ ತೇಲುವ ಮಂಜುಗಡ್ಡೆಯ ಮೇಲಿದ್ದ ಡಯಾಟಮ್‌ಗಳು, ಅಂದರೆ ಗಾಜಿನಂಥ ಚಿಪ್ಪಿನ ಸೂಕ್ಷ್ಮ ಪಾಚಿಗಳು, ಬೇರಿಂಗ್ ಜಲಸಂಧಿಯ ಬಳಿಯವನ್ನೇ ಹೋಲುತ್ತಿದ್ದವು. ಮಂಜುಗಡ್ಡೆ ಧ್ರುವವನ್ನು ದಾಟಿ ಚಲಿಸುತ್ತದೆಂದು ಇಂಥ ಸುಳಿವುಗಳಿಂದ ತರ್ಕಿಸಿದ ನಾರ್ವೆಯ ಫ್ರಿಟ್ಯಾಫ್ ನಾನ್ಸೆನ್, 1893ರಲ್ಲಿ ತನ್ನ ಫ್ರಾಮ್ ಹಡಗನ್ನು ಬೇಕೆಂದೇ ಮಂಜುಗಡ್ಡೆಗೆ ಸಿಕ್ಕಿಸಿದ. ಹಡಗು 1896ರಲ್ಲಿ ಇನ್ನೊಂದು ಬದಿಯಿಂದ ಹೊರಬಂತು.

ಅದೇ ಡಯಾಟಮ್‌ಗಳು 2007ರಲ್ಲಿ ಮತ್ತೊಮ್ಮೆ ಕೈಹಿಡಿದವು. ಮಂಜುಗಡ್ಡೆಯ ಕೆಳಪದರದಲ್ಲಿ ಬದುಕುವ ಕೆಲವು ಡಯಾಟಮ್‌ಗಳು 25 ಇಂಗಾಲದ ಪರಮಾಣುಗಳಿರುವ ಒಂದು ಕೊಬ್ಬಿನ ರಾಸಾಯನಿಕವನ್ನು ತಯಾರಿಸುತ್ತವೆಂದು ಬ್ರಿಟನ್ನಿನ ಪ್ಲಿಮತ್ ವಿಶ್ವವಿದ್ಯಾಲಯದ ತಂಡ ತೋರಿಸಿತು. ಐಪಿ-25 ಎಂಬ ಆ ವಸ್ತು ಕೆಸರಿನಲ್ಲಿ ದೊರೆತರೆ ಮೇಲೆ ಋತುಮಾನದ ಮಂಜುಗಡ್ಡೆ ಇತ್ತೆಂದೇ ಅರ್ಥ. ದೊರೆಯದಿದ್ದರೆ ತೊಡಕು: ಮಂಜುಗಡ್ಡೆಯೇ ಇಲ್ಲದಿದ್ದರೂ ಅದು ಇರುವುದಿಲ್ಲ, ವರ್ಷವಿಡೀ ದಪ್ಪನಾಗಿ ಮುಚ್ಚಿ ಬೆಳಕು ತಡೆದಿದ್ದರೂ ಇರುವುದಿಲ್ಲ.

ಈ ತೊಡಕನ್ನು ಬಿಡಿಸಲು ಆಕಾಶದ ಧೂಳು ನೆರವಾದುದು ನನಗೆ ಅತ್ಯಂತ ಸುಂದರವಾದ ವಿಚಾರ. ಬಾಹ್ಯಾಕಾಶದಿಂದ ಸಣ್ಣ ಧೂಳು ಭೂಮಿಯ ಮೇಲೆಲ್ಲ ಸದಾ ಬೀಳುತ್ತಿರುತ್ತದೆ, ಮತ್ತು ಅದರಲ್ಲಿ ಭೂಮಿಯ ಮೇಲೆ ಅತಿ ವಿರಳವಾದ ಹೀಲಿಯಂ-3 ಎಂಬ ಹಗುರ ಬಗೆಯ ಹೀಲಿಯಂ ಅನಿಲ ಅಡಗಿರುತ್ತದೆ. ಕಣದಲ್ಲಿನ ತೊಗರಿ ರಾಶಿಗೆ ತಾಡಪತ್ರಿ ಹೊದಿಸಿದಾಗ ಧೂಳು ತಾಡಪತ್ರಿಯ ಮೇಲೆ ಕೂತು ಕಾಳು ಶುದ್ಧವಾಗಿ ಉಳಿಯುವಂತೆ, ಸಮುದ್ರ ಮುಚ್ಚಿದ್ದಾಗ ಈ ಧೂಳು ತಳಕ್ಕೆ ಇಳಿಯುವುದಿಲ್ಲ. ಆದರೆ ಧೂಳು ಕಡಿಮೆಯಿದೆಯೆಂದು ಹೇಳಲು ಒಂದು ಅಳತೆಗೋಲು ಬೇಕು, ಏಕೆಂದರೆ ಬೇರೆ ಹೂಳು ಹೆಚ್ಚು ಬಂದರೂ ಧೂಳಿನ ಪಾಲು ತಗ್ಗುತ್ತದೆ. ಆ ಅಳತೆಗೋಲು ಥೋರಿಯಂ-230: ಸಮುದ್ರದ ನೀರಿನಲ್ಲಿ ಕರಗಿರುವ ಯುರೇನಿಯಂ ಕ್ಷಯಿಸುವುದರಿಂದ ಗೊತ್ತಾದ ವೇಗದಲ್ಲಿ ಹುಟ್ಟಿ, ನೀರಿನಲ್ಲಿ ಕರಗಿರಲಾರದೆ ಕಣಗಳಿಗೆ ಅಂಟಿಕೊಂಡು, ಮೇಲೆ ಮಂಜುಗಡ್ಡೆ ಇರಲಿ ಬಿಡಲಿ ತಳ ಸೇರುವ ಧಾತು. ಇವೆರಡರ ಅನುಪಾತವೇ ಉತ್ತರ ಹೇಳುತ್ತದೆ.

ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಾಗರವಿಜ್ಞಾನಿಯೊಬ್ಬರ ನೇತೃತ್ವದ ತಂಡ 2025ರಲ್ಲಿ ಈ ವಿಧಾನದಿಂದ ಕಳೆದ 30,000 ವರ್ಷಗಳ ಆರ್ಕ್ಟಿಕ್ ಕೆಸರನ್ನು ಓದಿತು. ಹಿಮಯುಗದ ಪದರಗಳಲ್ಲಿ ಆಕಾಶದ ಧೂಳು ಬಹುತೇಕ ಇರಲಿಲ್ಲ. ಹವೆ ಬೆಚ್ಚಗಾದಂತೆ ಅದು ಮರಳಿ ಕಾಣಿಸಿಕೊಂಡಿತು. ಮಂಜುಗಡ್ಡೆಯ ಏರಿಳಿತ ಸಾಗರದ ಬೆಚ್ಚನೆಯ ನೀರಿಗಿಂತ ವಾತಾವರಣದ ತಾಪಕ್ಕೇ ಹೆಚ್ಚು ಹೊಂದಿಕೊಂಡಿತ್ತು. ಫೊರಾಮಿನಿಫೆರಾ ಎಂಬ ಸೂಕ್ಷ್ಮಜೀವಿಗಳ ಚಿಪ್ಪುಗಳು ಇನ್ನೊಂದು ಸಂಗತಿ ತಿಳಿಸಿದವು: ಮಂಜುಗಡ್ಡೆ ಕಡಿಮೆಯಾದ ಕಾಲದಲ್ಲಿ ಮೇಲ್ಪದರದ ಪೋಷಕಾಂಶಗಳನ್ನು ಪಾಚಿಗಳು ಹೆಚ್ಚು ಬಳಸಿಕೊಂಡಿದ್ದವು. ಬೇಸಿಗೆಯಲ್ಲಿ ತೆರೆದುಕೊಳ್ಳುತ್ತಿರುವ ಇಂದಿನ ಆರ್ಕ್ಟಿಕ್‌ನಲ್ಲಿ ಮೀನುಗಳಿಗೆ ಎಷ್ಟು ಆಹಾರ ಉಳಿದೀತೆಂದು ಊಹಿಸುವವರಿಗೆ ಈಗ ಆ ಚಿಪ್ಪುಗಳ ಲೆಕ್ಕವೂ ಕೈಗೆ ಬಂದಿದೆ.