ಪಿಚ್ ಕ್ಲಾಕ್: ಬೇಸ್‌ಬಾಲ್ ಅಂಗಳದ ಗಡಿಯಾರ

ಬೇಸ್‌ಬಾಲ್‌ನಲ್ಲಿ ಒಂದು ಎಸೆತ ಮುಗಿದ ಮೇಲೆ ಮುಂದಿನ ಎಸೆತಕ್ಕೆ ಎಷ್ಟು ಹೊತ್ತು ತೆಗೆದುಕೊಳ್ಳಬಹುದು ಎಂದು ಗೊತ್ತುಪಡಿಸುವ ಗಡಿಯಾರವೇ ಪಿಚ್ ಕ್ಲಾಕ್. ಕ್ರಿಕೆಟ್ ನೋಡಿ ಬೆಳೆದ ನಮಗೆ ಪಿಚ್ ಎಂದೊಡನೆ 22 ಗಜದ ಪಟ್ಟಿ ಕಣ್ಣ ಮುಂದೆ ಬರುತ್ತದೆ. ಇಲ್ಲಿ ಪಿಚ್ ಎಂದರೆ ಎಸೆತ, ಎಸೆಯುವವನು ಪಿಚರ್. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ಈ ಗಡಿಯಾರವನ್ನು 2023ರಲ್ಲಿ ಜಾರಿಗೆ ತಂದಿತು. ಆ ದೇಶದಲ್ಲಿ ಬೇಸ್‌ಬಾಲನ್ನು ‘ಗಡಿಯಾರವಿಲ್ಲದ ಆಟ’ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದವರು ಬಹಳ ಜನ. ಹಾಗಾಗಿ ಇದು ಬರಿಯ ನಿಯಮ ತಿದ್ದುಪಡಿಯಾಗಿ ಉಳಿಯಲಿಲ್ಲ, ದೊಡ್ಡ ಜಗಳವೇ ನಡೆಯಿತು.

ನಿಯಮ ಕೇಳಲು ಸರಳ. ಬ್ಯಾಟರ್ ಓಡಿ ಒಂದೊಂದಾಗಿ ಮುಟ್ಟಬೇಕಾದ ನಿಲ್ದಾಣಗಳೇ ಬೇಸ್‌ಗಳು. ಅವುಗಳಲ್ಲಿ ಯಾರೂ ಇಲ್ಲದಿದ್ದರೆ ಪಿಚರ್ 15 ಸೆಕೆಂಡುಗಳೊಳಗೆ ಎಸೆಯುವ ಚಲನೆ ಆರಂಭಿಸಬೇಕು. ಯಾವುದಾದರೂ ಬೇಸ್‌ನಲ್ಲಿ ಎದುರಾಳಿ ರನ್ನರ್ ನಿಂತಿದ್ದರೆ 2023ರಲ್ಲಿ 20 ಸೆಕೆಂಡು ಸಿಗುತ್ತಿತ್ತು, 2024ರಲ್ಲಿ ಅದನ್ನು 18ಕ್ಕೆ ಇಳಿಸಿದರು. ಬ್ಯಾಟರ್‌ಗೂ ಬಿಡುಗಡೆಯಿಲ್ಲ. ಗಡಿಯಾರ 8 ಸೆಕೆಂಡು ತೋರಿಸುವಷ್ಟರಲ್ಲಿ ಅವನು ತನ್ನ ಜಾಗದಲ್ಲಿ ನಿಂತು, ಪಿಚರ್ ಕಡೆ ಮುಖ ಮಾಡಿ ಆಡಲು ಸಿದ್ಧನಾಗಿರಬೇಕು. ಒಂದು ಸರದಿಯಲ್ಲಿ ಅವನು ಒಮ್ಮೆ ಮಾತ್ರ ವಿರಾಮ ಕೇಳಬಹುದು. ಪಿಚರ್ ತಡಮಾಡಿದರೆ ಅವನ ಲೆಕ್ಕಕ್ಕೆ ಒಂದು ‘ಬಾಲ್’, ಬ್ಯಾಟರ್ ತಡಮಾಡಿದರೆ ಅವನ ಲೆಕ್ಕಕ್ಕೆ ಒಂದು ‘ಸ್ಟ್ರೈಕ್’ ಸೇರುತ್ತದೆ. ನಾಲ್ಕು ಬಾಲ್ ಆದರೆ ಬ್ಯಾಟರ್‌ಗೆ ಒಂದನೆಯ ಬೇಸ್ ಬಿಟ್ಟಿಯಾಗಿ ಸಿಗುತ್ತದೆ, ಮೂರು ಸ್ಟ್ರೈಕ್ ಆದರೆ ಅವನು ಔಟ್. ಒಂದೇ ಒಂದು ದಂಡ ಸರದಿಯ ದಿಕ್ಕನ್ನೇ ತಿರುಗಿಸಬಲ್ಲದು.

ಹೊಸ ನಿಯಮ ಎಲ್ಲರಿಗೂ ಮನದಟ್ಟಾದದ್ದು ಋತುವಿಗೆ ಮುನ್ನವೇ, 2023ರ ಫೆಬ್ರವರಿ 25ರಂದು, ಫ್ಲಾರಿಡಾದಲ್ಲಿ. ಅಂದು ಬಾಸ್ಟನ್ ರೆಡ್ ಸಾಕ್ಸ್ ಮತ್ತು ಅಟ್ಲಾಂಟಾ ಬ್ರೇವ್ಸ್ ನಡುವೆ ಅಭ್ಯಾಸ ಪಂದ್ಯ. ಸ್ಕೋರು 6–6. ಒಂಬತ್ತನೆಯ ಇನ್ನಿಂಗ್ಸ್‌ನ ಕೊನೆಯ ಹಂತ, ಮೂರೂ ಬೇಸ್ ಭರ್ತಿ, ಇಬ್ಬರು ಔಟ್, ಮೂರು ಬಾಲ್, ಎರಡು ಸ್ಟ್ರೈಕ್. ಬೇಸ್‌ಬಾಲ್‌ನಲ್ಲಿ ಇದಕ್ಕಿಂತ ಬಿಗಿಯಾದ ಗಳಿಗೆ ಇಲ್ಲ. ಬ್ರೇವ್ಸ್‌ನ ಕ್ಯಾಲ್ ಕಾನ್ಲಿ ಬ್ಯಾಟು ಹಿಡಿದು ನಿಂತಿದ್ದ. ಅಂಪೈರ್ ಆಟ ನಿಲ್ಲಿಸಿದಾಗ ತಪ್ಪು ಪಿಚರ್‌ನದೇ ಎಂದುಕೊಂಡು, ಗೆದ್ದೆವೆಂಬ ಭಾವದಲ್ಲಿ ಒಂದನೆಯ ಬೇಸ್ ಕಡೆಗೆ ಹೆಜ್ಜೆ ಹಾಕಿದ (ನಾಲ್ಕನೆಯ ಬಾಲ್ ಆಗಿದ್ದರೆ ಮೂರೂ ಬೇಸ್‌ನವರು ಒಂದೊಂದು ಹೆಜ್ಜೆ ಮುಂದೆ ಸರಿದು ಗೆಲುವಿನ ರನ್ ಬರುತ್ತಿತ್ತು). ದಂಡ ಬಿದ್ದದ್ದು ಅವನಿಗೆ. 8 ಸೆಕೆಂಡಿನ ಗೆರೆ ದಾಟಿದಾಗ ಅವನು ಸಿದ್ಧನಿರಲಿಲ್ಲ. ಹಾಗಾಗಿ ಮೂರನೆಯ ಸ್ಟ್ರೈಕ್, ಔಟ್. ಕೊನೆಯ ಎಸೆತವನ್ನು ಎಸೆಯದೆಯೇ ಪಂದ್ಯ ಸಮಬಲದಲ್ಲಿ ಮುಗಿಯಿತು, ಪ್ರೇಕ್ಷಕರು ಕೂಗಿ ಪ್ರತಿಭಟಿಸಿದರು. ಋತು ಆರಂಭವಾದ ಮಾರ್ಚ್ 30ರಂದೇ ಶಿಕಾಗೊ ಕಬ್ಸ್‌ನ ಮಾರ್ಕಸ್ ಸ್ಟ್ರೋಮನ್ ಗಡಿಯಾರದ ದಂಡ ತೆತ್ತ ಮೊದಲ ಪಿಚರ್ ಆದ, ಅದೇ ದಿನ ಬಾಸ್ಟನ್‌ನ ರಫೇಲ್ ಡೆವರ್ಸ್ ಗಡಿಯಾರದಿಂದಲೇ ಔಟಾದ ಮೊದಲ ಬ್ಯಾಟರ್ ಆದ.

ಅಲ್ಲಿಯವರೆಗೆ ಆ ಸೆಕೆಂಡುಗಳು ಏನಾಗುತ್ತಿದ್ದವು? ಬ್ಯಾಟರ್ ಹೊರಗೆ ಬಂದು ಕೈಗವಸಿನ ಪಟ್ಟಿ ಬಿಚ್ಚುವುದು, ಮತ್ತೆ ಬಿಗಿಯುವುದು, ಶೂ ತುದಿಯಿಂದ ಮಣ್ಣು ಕೆದಕುವುದು, ಹೆಲ್ಮೆಟ್ ಸರಿಪಡಿಸುವುದು. 1970ರ ದಶಕದಲ್ಲಿ ಟೆಕ್ಸಸ್ ರೇಂಜರ್ಸ್‌ಗೆ ಆಡುತ್ತಿದ್ದ ಮೈಕ್ ಹಾರ್ಗ್ರೋವ್‌ಗೆ ಈ ಕಾರಣಕ್ಕೇ ‘ನಡೆದಾಡುವ ಮಳೆ ವಿರಾಮ’ ಎಂಬರ್ಥದ ಅಡ್ಡಹೆಸರು ಬಿದ್ದಿತ್ತು. ಆಗ ಅವನೊಬ್ಬ ಅಪರೂಪದ ವ್ಯಕ್ತಿ. ನಂತರದ ದಶಕಗಳಲ್ಲಿ ಬಹುತೇಕ ಎಲ್ಲರೂ ಹಾರ್ಗ್ರೋವ್‌ಗಳೇ ಆದರು. ಪಿಚರ್‌ಗಳೂ ಹಿಂದೆ ಬೀಳಲಿಲ್ಲ. ಪೂರ್ತಿ ಬಲ ಹಾಕಿ ಗಂಟೆಗೆ 95 ಮೈಲಿಗೂ ಮೀರಿ ಎಸೆಯುವವನಿಗೆ ಪ್ರತಿ ಎಸೆತದ ನಂತರವೂ ಉಸಿರು ಸುಧಾರಿಸಿಕೊಳ್ಳಬೇಕಿತ್ತು. ಇದನ್ನು ಬರಿಯ ಸೋಮಾರಿತನ ಎನ್ನಲು ನಾನು ಒಪ್ಪುವುದಿಲ್ಲ. ಕಾಯಿಸುವುದೂ ಒಂದು ತಂತ್ರವಾಗಿತ್ತು. ಚೆಂಡು ಹಿಡಿದು ಸುಮ್ಮನೆ ನಿಂತರೆ ಬೇಸ್ ಕದಿಯಲು, ಅಂದರೆ ಬ್ಯಾಟರ್ ಹೊಡೆಯುವುದಕ್ಕೆ ಕಾಯದೆ ಮುಂದಿನ ಬೇಸ್‌ಗೆ ಓಡಿಬಿಡಲು, ಹೊಂಚು ಹಾಕುತ್ತಿದ್ದ ರನ್ನರ್‌ನ ಕಾಲು ಮರಗಟ್ಟುತ್ತದೆ, ಬ್ಯಾಟರ್‌ನ ಏಕಾಗ್ರತೆ ಕೆಡುತ್ತದೆ. ಹೊತ್ತು ಯಾರ ಕೈಯಲ್ಲಿದೆಯೋ ಆಟದ ಲಗಾಮು ಅವರ ಕೈಯಲ್ಲಿರುತ್ತಿತ್ತು. ಗಡಿಯಾರ ಇಬ್ಬರ ಕೈಯಿಂದಲೂ ಆ ಲಗಾಮನ್ನು ಕಿತ್ತುಕೊಂಡಿತು.

ಹಾಗೆಂದು ಕಾಲಮಿತಿ ಹೊಸದೇನಲ್ಲ. ಬೇಸ್‌ಗಳು ಖಾಲಿಯಿದ್ದಾಗ 12 ಸೆಕೆಂಡುಗಳಲ್ಲಿ ಎಸೆಯಬೇಕೆಂಬ ನಿಯಮ ಪುಸ್ತಕದಲ್ಲಿ ಮೊದಲೇ ಇತ್ತು. ಅಂಪೈರ್‌ಗಳು ಅದನ್ನು ಹೇರುವ ಗೋಜಿಗೆ ಹೋಗುತ್ತಿರಲಿಲ್ಲ. ಎಲ್ಲರ ಕಣ್ಣಿಗೂ ಬೀಳುವಂತೆ ಅಂಕಿಗಳು ಇಳಿಯುತ್ತಾ ಬರುವ ಫಲಕ ಅಂಗಳದಲ್ಲಿ ನಿಂತ ಮೇಲೆಯೇ ನಿಯಮಕ್ಕೆ ಜೀವ ಬಂದದ್ದು. ಅದಕ್ಕೂ ಮುನ್ನ ದೀರ್ಘ ಪ್ರಯೋಗ ನಡೆದಿತ್ತು. 2014ರಲ್ಲಿ ಅರಿಜೋನಾದ ಶರತ್ಕಾಲದ ಲೀಗ್‌ನಲ್ಲಿ, 2015ರಿಂದ ಮೇಜರ್ ಲೀಗ್‌ಗಿಂತ ಕೆಳಗಿನ ಮೈನರ್ ಲೀಗ್‌ಗಳಲ್ಲಿ ಗಡಿಯಾರವನ್ನು ಇಟ್ಟು ನೋಡಿದ್ದರು. 2022ರ ಸೆಪ್ಟೆಂಬರಿನಲ್ಲಿ ನಿಯಮ ಸಮಿತಿಯಲ್ಲಿ ಮತದಾನ ನಡೆದಾಗ ಆಟಗಾರರ ಪ್ರತಿನಿಧಿಗಳು ವಿರೋಧಿಸಿದರು; ಬಹುಮತದಿಂದ ಅದು ಅಂಗೀಕಾರವಾಯಿತು.

ಫಲ ಮೊದಲ ವರ್ಷವೇ ಕಂಡಿತು. 2021ರಲ್ಲಿ ಒಂಬತ್ತು ಇನ್ನಿಂಗ್ಸ್‌ನ ಪಂದ್ಯ ಸರಾಸರಿ 3 ಗಂಟೆ 10 ನಿಮಿಷ ಎಳೆಯುತ್ತಿತ್ತು. 2023ರಲ್ಲಿ ಅದು ಸುಮಾರು 2 ಗಂಟೆ 40 ನಿಮಿಷಕ್ಕೆ ಇಳಿಯಿತು, 2024ರಲ್ಲಿ ಇನ್ನೂ ಕೆಲವು ನಿಮಿಷ ಕಡಿಮೆಯಾಯಿತು. ಸಾಮಾನ್ಯ ಋತುವಿನಲ್ಲಿ 30 ತಂಡಗಳು ತಲಾ 162 ಪಂದ್ಯದಂತೆ ಒಟ್ಟು 2,430 ಪಂದ್ಯ ಆಡುತ್ತವೆ ಎಂಬುದನ್ನು ನೆನೆದರೆ ಈ ಉಳಿತಾಯದ ಗಾತ್ರ ತಿಳಿಯುತ್ತದೆ. 2023ರಲ್ಲಿ ಮೈದಾನಕ್ಕೆ ಬಂದ ಪ್ರೇಕ್ಷಕರ ಸಂಖ್ಯೆ 7 ಕೋಟಿ ದಾಟಿತು. ದಂಡಗಳ ಮಳೆ ಸುರಿಯುತ್ತದೆ ಎಂಬ ಭಯವೂ ಸುಳ್ಳಾಯಿತು. ಎರಡು ಪಂದ್ಯಕ್ಕೆ ಒಂದರಂತೆಯೂ ಉಲ್ಲಂಘನೆ ಆಗಲಿಲ್ಲ.

ಈಗ ನನಗೆ ಅತ್ಯಂತ ಸ್ವಾರಸ್ಯವೆನಿಸುವ ವಿಷಯಕ್ಕೆ ಬರುತ್ತೇನೆ. ಆಟದ ನಿಯಮ ಯಾವುದೂ ಒಂಟಿಯಾಗಿ ನಿಲ್ಲುವುದಿಲ್ಲ. ಬೇಸ್‌ನಲ್ಲಿರುವ ರನ್ನರ್‌ನನ್ನು ಬೆದರಿಸಲು ಪಿಚರ್ ಅತ್ತ ಚೆಂಡು ಎಸೆದರೆ ಗಡಿಯಾರ ಮತ್ತೆ ಮೊದಲಿನಿಂದ ಆರಂಭವಾಗಬೇಕು. ಅದಕ್ಕೆ ಕಡಿವಾಣ ಇರದಿದ್ದರೆ ಪಿಚರ್ ನೂರು ಸಲ ಹಾಗೆ ಎಸೆದು ಗಡಿಯಾರವನ್ನೇ ನಿರರ್ಥಕಗೊಳಿಸುತ್ತಿದ್ದ. ಆದ್ದರಿಂದ ಒಬ್ಬ ಬ್ಯಾಟರ್‌ನ ಸರದಿಯಲ್ಲಿ ಹೀಗೆ ಎರಡು ಬಾರಿ ಮಾತ್ರ ಬಿಡುವು ಪಡೆಯಬಹುದು ಎಂದು ಕಟ್ಟು ಹಾಕಿದರು. ಮೂರನೆಯ ಸಲ ಬೇಸ್‌ಗೆ ಎಸೆದು ರನ್ನರ್‌ನನ್ನು ಔಟ್ ಮಾಡಲಾಗದಿದ್ದರೆ ರನ್ನರ್‌ಗೆ ಮುಂದಿನ ಬೇಸ್ ದಕ್ಕುತ್ತದೆ. ಅದೇ ವರ್ಷ ಬೇಸ್‌ನ ಚೌಕವನ್ನು 15 ಅಂಗುಲದಿಂದ 18 ಅಂಗುಲಕ್ಕೆ ಹಿಗ್ಗಿಸಿದ್ದರಿಂದ ಒಂದನೆಯ ಮತ್ತು ಎರಡನೆಯ ಬೇಸ್‌ಗಳ ನಡುವಿನ ಅಂತರ ನಾಲ್ಕೂವರೆ ಅಂಗುಲ ತಗ್ಗಿತ್ತು. ಎರಡು ಅವಕಾಶ ಮುಗಿಸಿದ ಪಿಚರ್‌ನ ಕೈ ಕಟ್ಟಿಹಾಕಿದಂತೆ ಎಂಬುದು ರನ್ನರ್‌ಗೆ ಗೊತ್ತು. ಗಡಿಯಾರದ ಅಂಕಿ ನೋಡಿ, ಎಸೆತ ಯಾವಾಗ ಬರುತ್ತದೆ ಎಂದು ಅಂದಾಜಿಸಿ ಅವನು ಓಟ ಕೀಳಬಹುದು. 2022ರಲ್ಲಿ 2,486 ಬಾರಿ ಬೇಸ್ ಕದಿಯಲಾಗಿತ್ತು, 2023ರಲ್ಲಿ 3,503. ಹತ್ತು ಪ್ರಯತ್ನಗಳಲ್ಲಿ ಎಂಟು ಫಲಿಸಿದವು. ಅಟ್ಲಾಂಟಾದ ರೊನಾಲ್ಡ್ ಅಕುನ್ಯಾ ಆ ವರ್ಷ 41 ಹೋಮ್ ರನ್ (ಚೆಂಡನ್ನು ಅಂಗಳದಾಚೆ ಕಳಿಸುವ ಹೊಡೆತ) ಹೊಡೆದು 73 ಬೇಸ್ ಕದ್ದ. ಮರುವರ್ಷ ಡಾಡ್ಜರ್ಸ್‌ನ ಶೊಹೆ ಒಹ್ತಾನಿ 54 ಹೋಮ್ ರನ್, 59 ಕಳವು ದಾಖಲಿಸಿದ. ಇಂಥ ಜೋಡಿ ಅಂಕಿಗಳನ್ನು ಬೇಸ್‌ಬಾಲ್ ಅದುವರೆಗೆ ಕಂಡಿರಲಿಲ್ಲ. ಸಮಯ ಉಳಿಸಲು ತಂದ ನಿಯಮ ಸೊರಗಿದ್ದ ಓಟದ ಕಲೆಗೆ ಮರುಜೀವ ಕೊಟ್ಟಿತು.

  

ಆಟದ ಆತ್ಮವೇ ಹೋಯಿತು ಎಂದವರ ವಾದ ನನಗೆ ಒಪ್ಪಿಗೆಯಾಗುವುದಿಲ್ಲ. ಫುಟ್‌ಬಾಲ್‌ನಲ್ಲೋ ಬ್ಯಾಸ್ಕೆಟ್‌ಬಾಲ್‌ನಲ್ಲೋ ಮುಂದಿರುವ ತಂಡ ಹೊತ್ತು ಕಳೆದು ಗೆಲುವು ಉಳಿಸಿಕೊಳ್ಳಬಹುದು. ಬೇಸ್‌ಬಾಲ್‌ನಲ್ಲಿ ಇಂದಿಗೂ ಅದು ಸಾಧ್ಯವಿಲ್ಲ. ಗೆಲ್ಲಬೇಕಾದರೆ ಎದುರಾಳಿಯ ಕೊನೆಯ ಔಟನ್ನು ಪಡೆಯಲೇಬೇಕು. ಪಿಚ್ ಕ್ಲಾಕ್ ಅಳೆಯುವುದು ಎಸೆತಗಳ ನಡುವಿನ ಬಿಡುವನ್ನು ಮಾತ್ರ, ಪಂದ್ಯವನ್ನಲ್ಲ.

ಕ್ರಿಕೆಟ್ ಕೂಡ ಇದೇ ದಾರಿ ಹಿಡಿದಿದೆ. ಓವರುಗಳ ನಡುವೆ 60 ಸೆಕೆಂಡು ಮೀರಬಾರದೆಂಬ ಸ್ಟಾಪ್ ಕ್ಲಾಕ್ ನಿಯಮವನ್ನು ಐಸಿಸಿ 2023ರ ಡಿಸೆಂಬರಿನಲ್ಲಿ ಪ್ರಯೋಗಕ್ಕೆ ತಂದಿತು. ಮೂರನೆಯ ತಪ್ಪಿಗೆ ಐದು ರನ್ ದಂಡ. 2024ರ ಜೂನ್ 12ರಂದು ನ್ಯೂಯಾರ್ಕ್‌ನಲ್ಲಿ ನಡೆದ ಟಿ20 ವಿಶ್ವಕಪ್ ಪಂದ್ಯದಲ್ಲಿ ಭಾರತಕ್ಕೆ 30 ಎಸೆತಗಳಲ್ಲಿ 35 ರನ್ ಬೇಕಿತ್ತು. ಆಗ ಅಮೆರಿಕ ತಂಡ ಮೂರನೆಯ ಸಲ ತಡಮಾಡಿತು, ಬೇಕಾದ ರನ್ 30ಕ್ಕೆ ಇಳಿಯಿತು. ಬೇಸ್‌ಬಾಲ್ ನಾಡಿನ ತಂಡಕ್ಕೇ ಕ್ರಿಕೆಟ್ ಗಡಿಯಾರದ ದಂಡ ಬಿತ್ತು.

ನನ್ನನ್ನು ನಿಜವಾಗಿ ಕಾಡುವುದು ಪಿಚರ್‌ಗಳ ಮೊಣಕೈ. 2024ರ ಏಪ್ರಿಲ್‌ನಲ್ಲಿ ಹೆಸರಾಂತ ಪಿಚರ್‌ಗಳು ಒಬ್ಬರ ಹಿಂದೊಬ್ಬರು ಗಾಯಗೊಂಡಾಗ ಆಟಗಾರರ ಸಂಘದ ಅಂದಿನ ಮುಖ್ಯಸ್ಥ ಟೋನಿ ಕ್ಲಾರ್ಕ್, ವಿಶ್ರಾಂತಿಯ ಹೊತ್ತನ್ನು ಮೊಟಕುಗೊಳಿಸಿದ್ದನ್ನು ಬಹಿರಂಗವಾಗಿ ಆಕ್ಷೇಪಿಸಿದರು. ಲೀಗ್ ಅದನ್ನು ತಳ್ಳಿಹಾಕಿತು. ವರ್ಷದ ಕೊನೆಗೆ ಅದು ಪ್ರಕಟಿಸಿದ ವರದಿ, ವೇಗಕ್ಕಾಗಿ ಪ್ರತಿ ಎಸೆತಕ್ಕೂ ಪೂರ್ಣ ಬಲ ಹಾಕುವ ತರಬೇತಿಯನ್ನು ಮುಖ್ಯ ಕಾರಣವೆಂದು ಬೊಟ್ಟುಮಾಡಿತು. ಗಾಯಗಳು ಗಡಿಯಾರಕ್ಕೂ ಮೊದಲಿನಿಂದ ಏರುತ್ತಲೇ ಇದ್ದವು ಎಂಬುದು ನಿಜ. ಆದರೂ ಇದ್ದ 20 ಸೆಕೆಂಡನ್ನು ಒಂದೇ ವರ್ಷದಲ್ಲಿ 18ಕ್ಕೆ ಇಳಿಸುವ ಅವಸರ ಏಕೆ ಬೇಕಿತ್ತು? ಮೊದಲ ವರ್ಷದಲ್ಲೇ ಗುರಿ ಮುಟ್ಟಿದ ಮೇಲೆ ಮತ್ತೆರಡು ಸೆಕೆಂಡಿನಿಂದ ಪ್ರೇಕ್ಷಕರಿಗೆ ಸಿಗುವುದು ಅತ್ಯಲ್ಪ. ಆ ಎರಡು ಸೆಕೆಂಡನ್ನು ಪಿಚರ್‌ಗೆ ಮರಳಿ ಕೊಡಬೇಕು ಎಂದೇ ನನ್ನ ಅಭಿಪ್ರಾಯ.